ಇಲ್ಲ ಎಂದ ಬಾಗಿಲುಗಳು

ಮನೆ ಬಾಡಿಗೆಗಿದೆ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಬೋರ್ಡು ಗೇಟಿಗೆ ನೇತಾಡುತ್ತಿತ್ತು. ಬಾಗಿಲು ತೆರೆದಾಕೆ "ಬರ್ರಿ, ಕುಂದರ್ರಿ" ಎಂದು ನೀರು ಕೊಟ್ಟು, ಹೆಸರು ಕೇಳಿದರು. ಶಾಹೀನಾ ಎಂದೆ. "ಖಾಲಿ ಇಲ್ರೀ. ನಿನ್ನೇನ ಹೋತು" ಎಂದರು. ಎರಡು ವಾರ ಕಳೆದರೂ ಬೋರ್ಡು ಅಲ್ಲೇ ಇತ್ತು.

ನಮ್ಮ ಚಿಂತಾಮಣಿಯಲ್ಲಿ ಎಲ್ಲರೂ ದೇವರಂಥವರೆಂದು ಹೇಳಲಾರೆ. ಅಲ್ಲೂ ಕೊಡುವುದಿಲ್ಲ. ಆದರೆ "ನಿಮ್ಮೋರ್ಗೆ ಕೊಡಲ್ಲಮ್ಮ" ಎಂದು ಮುಖಕ್ಕೇ ಹೇಳುತ್ತಾರೆ, ನಾಲ್ಕು ಮಾತು ಜಗಳವಾಡಿಯಾದರೂ ಬರಬಹುದು. ಬೆಳಗಾವಿಯಲ್ಲಿ ನೀರು ಕುಡಿಸಿ ಇಲ್ಲ ಎನ್ನುತ್ತಾರೆ. ಅಷ್ಟು ಮರ್ಯಾದೆಯಿಂದ ಮಾತಾಡುವವರ ಜೊತೆ ಯಾವ ಬಾಯಲ್ಲಿ ಜಗಳ ತೆಗೆಯುವುದು? ಕಡೆಗೆ ಕ್ಯಾಂಪ್ ಎನ್ನುವ ದಂಡಿನ ಪ್ರದೇಶದ ಒಂದು ಹಳೇ ಬಂಗಲೆಯ ಹಿಂಭಾಗದಲ್ಲಿ ಒಂದೇ ಕೋಣೆ ಸಿಕ್ಕಿತು.

ನಾನು ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು. ಆ ವಿಭಾಗ ಮುಚ್ಚಿತು. ನಲವತ್ತೆರಡನೇ ವಯಸ್ಸಿನಲ್ಲಿ ಒಬ್ಬಳೇ ಇಷ್ಟು ದೂರ ಬಂದದ್ದು ರವಿವಾರ ಪೇಟೆಯ ಒಂದು ಪುಟ್ಟ ಕಚೇರಿಯ ಕೆಲಸಕ್ಕೆ. ಯಾವ ಗೋದಾಮಿನಲ್ಲಿ ಯಾವ ಚೀಲ ಎಲ್ಲಿದೆ ಎಂದು ಸಗಟು ವ್ಯಾಪಾರಿಗಳಿಗೆ ತೋರಿಸುವ ತಂತ್ರಾಂಶ ಅವರದು. ಬರೆದವನು ಬಿಟ್ಟು ಹೋಗಿದ್ದ. ಒಂದು ವಾರದೊಳಗೆ ಅದರ ಕೋಡ್ ಇಳಿಸಿಕೊಂಡು ನಡೆಸಿ ತೋರಿಸಿದರೆ ನೌಕರಿ ಪಕ್ಕಾ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಕೋಡ್ ಇದ್ದದ್ದು ಅಂತರ್ಜಾಲದ ಒಂದು ಖಾಸಗಿ ಕಣಜದಲ್ಲಿ. ಅಲ್ಲಿ ಪಾಸ್‌ವರ್ಡ್ ನಡೆಯುವುದಿಲ್ಲ, ಟೋಕನ್ ಎಂಬ ಉದ್ದನೆಯ ಅಕ್ಷರಗಳ ಸಾಲು ಬೇಕು. ಒಮ್ಮೆ ಮಾತ್ರ ತೋರಿಸುತ್ತಾರೆ, ಆಗಲೇ ಎತ್ತಿಟ್ಟುಕೊಳ್ಳಬೇಕು. ನನ್ನ ಹೆಸರಿನಲ್ಲೊಂದು ಪಡೆದು ಎತ್ತಿಟ್ಟುಕೊಂಡೆ, ಕೊಟ್ಟೆ. ಬಂದ ಉತ್ತರ: ಅಂಥ ಕಣಜ ಇಲ್ಲ. ಹೆಸರು ತಪ್ಪಿರಬೇಕೆಂದು ಒಂದೊಂದೇ ಅಕ್ಷರ ತಿದ್ದುತ್ತ ಎರಡು ದಿನ ಕಳೆದೆ. "ಐತ್ರೀ, ನಾನ ನೋಡೀನಿ" ಎಂದು ಮಾಲೀಕರು ಆಣೆ ಮಾಡುವರು, ಪರದೆ ಇಲ್ಲ ಎನ್ನುವುದು. ಕೋಡ್ ಬರೆದ ಬಸವರಾಜ ಇವರ ಫೋನೇ ಎತ್ತುತ್ತಿರಲಿಲ್ಲ. "ಖಾನಾಪುರದ ಕಡೆ ಬೀಡಿ ಅಂತ ಊರು, ಅಲ್ಲೇ ಇರ್ತಾನ" ಎಂದರು.

ಖಾನಾಪುರದಲ್ಲಿ ಬಸ್ಸು ಬದಲಿಸಿದೆ. ಕಂಡಕ್ಟರು ಮುಂದಿನ ಸೀಟಿಗೆ ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ, ಹಿಂದಿನವರಿಗೆ ಎರಡನ್ನೂ ಕಲಸಿ ಚೀಟಿ ಹರಿದ. ಬೀಡಿಯಲ್ಲಿ ಬಸವರಾಜನ ಮನೆ ಕೇಳಿದರೆ "ಸಾಲಿ ಬಾಜೂಕ" ಎಂದರು. ಸಾಲಿ ಎಂದರೆ ಶಾಲೆ, ಬಾಜು ಎಂದರೆ ಪಕ್ಕ. ಇಷ್ಟು ಹೊತ್ತಿಗೆ ಕಲಿತಿದ್ದೆ.

ಮೂವತ್ತು ದಾಟಿದ ಮನುಷ್ಯ, ಹಣೆಗೆ ವಿಭೂತಿ. ಜಗಳವಾಡಿಕೊಂಡು ಕೆಲಸ ಬಿಟ್ಟು ಹೊಲ ನೋಡಿಕೊಂಡಿದ್ದ. ಹೆಸರು ಹೇಳಿದೆ. ಎರಡನೇ ಪ್ರಶ್ನೆ ಕೇಳದೆ ಒಳಗೆ ಕರೆದು, ಅವನ ತಾಯಿ ಬಡಿದ ಬಿಸಿ ಭಾಕ್ರಿ, ಕಡಲೆಹಿಟ್ಟಿನ ಜುಣಕ ಮುಂದಿಟ್ಟ. ಭಾಕ್ರಿ ಎಂದರೆ ಜೋಳದ ರೊಟ್ಟಿ. ಮುದ್ದೆ ನುಂಗಿ ಬೆಳೆದ ನನಗೆ ಅಗಿದು ಅಗಿದು ದವಡೆ ನೋಯುವ ಊಟ. ಆ ದಿನ ಮೂರು ತಿಂದೆ.

"ಕಣಜ ಐತ್ರಿ ಅಕ್ಕಾರ" ಎಂದ. "ಹಕ್ಕಿಲ್ಲದವ್ರಿಗೆ ಬರಬ್ಯಾಡ ಅನ್ನಂಗಿಲ್ಲ ಅದು. ಇಲ್ಲಽ ಇಲ್ಲ ಅಂತೈತಿ. ಐತಿ ಅನ್ನೂದ ಗೊತ್ತಾಗಬಾರದಲ್ಲ?"

ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಮನೆ ಹುಡುಕಿದ ಕತೆ ಹೇಳಿದೆ. ಅವನು ಎದ್ದು ಲ್ಯಾಪ್‌ಟಾಪ್ ತೆಗೆದು ನನ್ನ ಹೆಸರು ಸೇರಿಸಿದ, ಕಣಜದ ಯಜಮಾನಿಕೆಯನ್ನೂ ನನಗೇ ಬಿಟ್ಟುಕೊಟ್ಟ. ಅದೇ ಟೋಕನ್ ಮತ್ತೆ ಕೊಟ್ಟೆ. ಕೋಡ್ ಸರಸರನೆ ಇಳಿಯಿತು.

"ಒಂದಽ ಮಾತ್ರಿ" ಎಂದ. "ನನ್ನ ಹೆಸರ ತೆಗೀಬ್ಯಾಡ್ರಿ. ಏನೂ ಮುಟ್ಟಂಗಿಲ್ಲ, ಬರೇ ಓದಾಕ. ಆರ ವರ್ಸ ಬರದೀನಿ."

ತೆಗೆಯುವುದಿಲ್ಲ ಎಂದು ಮಾತು ಕೊಟ್ಟೆ.

ಮರುದಿನ ಕಚೇರಿಯಲ್ಲಿ ತಂತ್ರಾಂಶ ನಡೆಸಿ ತೋರಿಸಿದೆ. ಮಾಲೀಕರು ಖುಷಿಯಾಗಿ ಚಹಾ ತರಿಸಿದರು. "ಭಾರಿ ಆತ್ರಿ. ಈಗ ಮೊದಲ ಅವನ ಹೆಸರ ತೆಗೀರಿ. ಬಿಟ್ಟ ಹೋದಾವಂಗ ಕೀಲಿ ಯಾಕ?" ಓದುವುದಕ್ಕಷ್ಟೇ ಇರಲಿ ಎಂದೆ. "ಖರೇ ಹೇಳ್ರಿ, ನೀವು ಯಾರ ಕಡೆ?" ಎಂದರು. ತಪ್ಪು ಅವರದೆಂದು ಹೇಳಲಾರೆ, ಯಾವ ಕಚೇರಿಯಲ್ಲೂ ಇದೇ ನಿಯಮ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ಕಾಲೇಜಿನ ಮಕ್ಕಳಿಗೆ ನಾನೇ ಹೇಳುತ್ತಿದ್ದವಳು. ಆದರೂ ಚಹಾ ಆರುವುದರೊಳಗೆ ಅವನ ಹೆಸರು ತೆಗೆದುಬಿಟ್ಟೆ.

ಮೂರು ದಿನದ ಮೇಲೆ ಬಸವರಾಜನ ಫೋನು ಬಂತು. ಬೈಯಲಿ, ಬೈದರೆ ಹಗುರಾಗುತ್ತದೆ ಎಂದುಕೊಂಡು ಎತ್ತಿದೆ.

"ಅಕ್ಕಾರ, ನೌಕರಿ ಪಕ್ಕಾ ಆತೇನ್ರಿ?"

"ಆಯ್ತು."

"ಚಲೋ ಆತ್ ಬಿಡ್ರಿ" ಎಂದು ಇಟ್ಟುಬಿಟ್ಟ.

ಬಕ್ರೀದಿಗೆ ಚಿಂತಾಮಣಿಗೆ ಹೋದೆ. ಮಾತಿನ ನಡುವೆ ನನಗೇ ತಿಳಿಯದಂತೆ "ಐತಿ" ಎಂದೆ, ಅಕ್ಕನ ಮನೆಯವರೆಲ್ಲ ನಕ್ಕರು. ನಗು ನಿಂತ ಮೇಲೆ ಅಕ್ಕ ಕೇಳಿದಳು: "ಆ ಊರ್ ಜನ ಎಂಗವ್ರೆ? ಒಳ್ಳೇವ್ರಾ?"

ಹಿಂದಿನ ಸಲ ಇದೇ ಪ್ರಶ್ನೆಗೆ ಅರ್ಧ ಗಂಟೆ ಬೈದಿದ್ದೆ. ಈ ಸಲವೂ ಬಾಯಿ ತೆರೆದೆ. ಯಾರಿಂದ ಶುರು ಮಾಡಲಿ ಎಂದು ನೋಡಿದರೆ ಮೊದಲು ನೆನಪಾದವಳು ನಾನೇ.