ಸರಾಸರಿ ಚಿಕ್ಕಪ್ಪ
ಬೀದಿಯಲ್ಲಿ ಯಾರೇ ಹಳೇ ಕಾರು ಕೊಳ್ಳಲಿ, ಸರಾಸರಿ ಚಿಕ್ಕಪ್ಪ ಬಂದು ನೋಡದೆ ಮಾತು ಮುಗಿಯುವುದಿಲ್ಲ. ಅವರು ಬಣ್ಣ ನೋಡುವುದಿಲ್ಲ, ಬಾನೆಟ್ ಎತ್ತುವುದಿಲ್ಲ. ಕನ್ನಡಕವನ್ನು ಹಣೆಗೇರಿಸಿ ಸೀದಾ ಮೀಟರಿನ ಮೇಲೆ ಬಗ್ಗುತ್ತಾರೆ. “ಓಡಿದ ಕಿಲೋಮೀಟರನ್ನ ಕಾರಿನ ವಯಸ್ಸಿಂದ ಭಾಗಿಸಿ. ಶೆಡ್ಡಲ್ಲಿ ನಿದ್ದೆ ಹೊಡೆದ ವರ್ಷಗಳನ್ನ ಮಾತ್ರ ಬಿಟ್ಟುಬಿಡಿ,” ಎನ್ನುತ್ತಾ ಬೆರಳು ಮಡಿಸತೊಡಗಿದರೆ ಮಾರುವವನ ಮುಖ ಹುಳ್ಳಗಾಗುತ್ತದೆ. ವರ್ಷದ ಸರಾಸರಿ ಹೆಚ್ಚು ಬಂದರೆ, “ಪಾಪ, ಕತ್ತೆ ದುಡಿದ ಹಾಗೆ ದುಡಿದಿದೆ!” ಕಡಿಮೆ ಬಂದರೆ, “ಮನೆಅಳಿಯನ ಹಾಗೆ ಕೂತು ತಿಂದಿದೆ!” ನೆಂಟರು ಬಂದರೂ ಅಷ್ಟೆ, ಅವರು ಕಾರಿನಿಂದ ಇಳಿಯುವ ಮೊದಲೇ ಇವರ ತಲೆ ಕಿಟಕಿಯೊಳಗಿರುತ್ತದೆ. ಮೊನ್ನೆ ಅಣ್ಣನ ಮಗಳು ಕೆಣಕಿದಳು: “ಎಲ್ಲರದ್ದೂ ಲೆಕ್ಕ ಹಾಕ್ತೀರಲ್ಲ ಚಿಕ್ಕಪ್ಪ, ನಿಮ್ಮ ಕಾರಿಂದೆಷ್ಟು?” ಕೆಲಸದ ಮೇಲೆ ಊರೂರು ಸುತ್ತುತ್ತಿದ್ದಾಗ ವರ್ಷಕ್ಕೆ ಹದಿನೈದು ಸಾವಿರ ದಾಟುತ್ತಿದ್ದ ಆ ಕಾರು ಈಗ ಒಂದು ಸಾವಿರಕ್ಕೇ ಏದುಸಿರು ಬಿಡುತ್ತದೆ. ಮಂಡಿನೋವಿನಿಂದ ಚಿಕ್ಕಮ್ಮನಿಗೆ ನಡೆಯಲಾಗದಂತಾದ ಮೇಲೆ, ಪ್ರತಿ ಸಂಜೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಲ್ನಡಿಗೆಯ ವೇಗದಲ್ಲಿ ಸುತ್ತಲ ಬೀದಿಗಳನ್ನು ಸುತ್ತುವುದಷ್ಟೇ ಅದರ ಕೆಲಸ. ಗುರುತಿನವರ ಗೇಟು ಬಂದಾಗಲೆಲ್ಲ ಚಿಕ್ಕಪ್ಪ ಕಾರು ನಿಲ್ಲಿಸುತ್ತಾರೆ. ಚಿಕ್ಕಮ್ಮ ಕಿಟಕಿಯಿಂದಲೇ ಊರ ಸುದ್ದಿಯನ್ನೆಲ್ಲ ಹೀರಿಕೊಳ್ಳುತ್ತಾರೆ. ಚಿಕ್ಕಪ್ಪ ಚೂರೂ ನಾಚದೆ ನಕ್ಕರು. “ನಮ್ಮ ಸರಾಸರಿ ನೆಲ ಕಚ್ಚಿದೆ ಕಣಮ್ಮ. ಆದ್ರೆ ಆಗ ಓಡಿಸಿದ್ದೆಲ್ಲ ಒಬ್ಬನೇ. ಈಗ ಒಂದು ಕಿಲೋಮೀಟರಾದ್ರೂ ಒಬ್ಬನೇ ಓಡಿಸಿಲ್ಲ.”