ಎರಡು ಸಲ ಲೈಟು

ನನ್ನ ಗಂಡ ಈ ಅರಬರ ಊರಿನಲ್ಲಿ ಬಸ್ ಓಡಿಸುತ್ತಿದ್ದರು. ಅವರ ಬಸ್ಸಿನಲ್ಲಿ ನಾನು ಒಮ್ಮೆಯೂ ಕೂತಿರಲಿಲ್ಲ. ಅವರು ತೀರಿಕೊಂಡ ಮೇಲೆ ಇದ್ದಾ ಕೂತೆ. ನಾಲ್ಕು ತಿಂಗಳು ಹತ್ತು ದಿನ ವಿಧವೆ ಮನೆ ಬಿಟ್ಟು ಹೊರಡಬಾರದು. ಅದು ಮುಗಿದ ಕೂಡಲೇ ಮಗಳನ್ನು ಕರೆದುಕೊಂಡು ಮಂಗಳೂರಿನ ವಿಮಾನ ಹತ್ತಬೇಕು, ಯಾಕೆಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ನನ್ನ ಇಕಾಮಾದಲ್ಲಿ, ನನಗೆ ಹೊಣೆಯಾದ ಕಫೀಲ್ ಎಂದು ಇದ್ದದ್ದು ಅವರ ಹೆಸರೇ. ಅಷ್ಟರೊಳಗೆ ಒಂದೇ ಒಂದು ಸಲ ಆ ಬಸ್ಸಿನಲ್ಲಿ ಕೂರಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಆಸೆಯೂ ಅಲ್ಲ.

ನಮ್ಮದು ಬ್ನೇದ್ ಅಲ್ ಗಾರ್‌ನಲ್ಲಿ ನಾಲ್ಕನೇ ಮಹಡಿಯ ಎರಡು ಕೋಣೆಯ ಫ್ಲಾಟ್. ಕೆಳಗೆ ಬಸ್ಸಿನ ರಸ್ತೆ. ಈ ಊರಿನ ಬಸ್ಸುಗಳ ಕತೆಯೆಲ್ಲ ನನಗೆ ಊಟದ ತಟ್ಟೆಯ ಮುಂದೆಯೇ ಗೊತ್ತಾದದ್ದು. ಅವರು ಬಂದಾಗ ಓಡುತ್ತಿದ್ದ ಬಸ್ಸಿಗೆ ಎ.ಸಿ. ಇರಲಿಲ್ಲವಂತೆ. ಕಿಟಕಿ ತೆರೆದರೆ ಒಲೆಯ ಬಾಯಿಯ ಗಾಳಿ, ಮುಚ್ಚಿದರೆ ಉಸಿರುಗಟ್ಟುವುದು. ಮತ್ತೆ ಬೇರೆ ಬೇರೆ ಕಂಪೆನಿಗಳು ಬಂದವು, ಬೇರೆ ಬೇರೆ ಬಣ್ಣ ಬಂತು, ಒಂದೇ ಸ್ಟಾಪಿಗೆ ಎರಡು ಬಸ್ಸು ಪೈಪೋಟಿಯಲ್ಲಿ ಓಡತೊಡಗಿದವು. "ಥೇಟ್ ನಮ್ಮ ಮಂಗಳೂರಿನ ಸಿಟಿ ಬಸ್ಸೇ," ಎಂದು ನಗುತ್ತಿದ್ದರು. ಊರಿನಲ್ಲಿ ಅವರು ಅದನ್ನೇ ಓಡಿಸುತ್ತಿದ್ದವರು. ಇಲ್ಲಿ ಕಂಡಕ್ಟರ್ ಇಲ್ಲ, ಟಿಕೆಟ್ ಕೊಡುವುದೂ ಡ್ರೈವರನೇ. ಹಿಂದಿನಿಂದ ಸೀಟಿ ಕೇಳಿಸದೆ ಬಸ್ಸು ಬಿಡುವುದನ್ನು ರೂಢಿ ಮಾಡಿಕೊಳ್ಳಲು ಒಂದು ವರ್ಷ ಬೇಕಾಯಿತಂತೆ. ಮುಂದಿನ ಸೀಟುಗಳು ಹೆಂಗಸರಿಗೆ. ಶುಕ್ರವಾರ ರುಮೈಥಿಯಾದ ಮನೆಗೆಲಸದವರು ಒಳ್ಳೆಯ ಬಟ್ಟೆ ಹಾಕಿಕೊಂಡು ಹತ್ತುತ್ತಾರೆ, ಫಹಾಹೀಲ್ ಕಡೆಯ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ ಎನ್ನುತ್ತಿದ್ದರು.

ನಾವು ಮಾತ್ರ ಶುಕ್ರವಾರ ಹೊರಗೆ ಹೋಗುತ್ತಿದ್ದದ್ದು ಟ್ಯಾಕ್ಸಿಯಲ್ಲಿ. ಎದುರು ಫ್ಲಾಟಿನ ಬಾಯಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕೊಂಕಣಿ ಹೆಂಗಸು, ಅದನ್ನು ಕಂಡಾಗಲೆಲ್ಲ ಬಿಡುತ್ತಿರಲಿಲ್ಲ. "ಬಸ್ ಡ್ರೈವರನ ಹೆಂಡತಿಗೆ ಟ್ಯಾಕ್ಸಿಯೇ ಆಗ್ಬೇಕಾ ಮಾರಾಯ್ತಿ? ಗಂಡನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವಾ?"

ಇವರು ನನಗಿಂತ ಮೊದಲೇ ಉತ್ತರ ಕೊಡುತ್ತಿದ್ದರು. "ಇವಳು ಮುಂದಿನ ಸೀಟಲ್ಲಿ ಕೂತ್ರೆ ನಾನು ಕನ್ನಡಿಯಲ್ಲಿ ಇವಳನ್ನೇ ನೋಡ್ತೇನೆ ಬಾಯಿ. ಮತ್ತೆ ಬಸ್ಸು ಸೀದಾ ಸಮುದ್ರಕ್ಕೆ."

ಸಂಜೆ ಮಗ್ರಿಬ್ ನಮಾಜು ಆದ ಮೇಲೆ ಅವರ ಕೊನೆಯ ಟ್ರಿಪ್ಪು ನಮ್ಮ ರಸ್ತೆಯಲ್ಲಿ ಹೋಗುತ್ತಿತ್ತು. ಆಗ ಹೆಡ್‌ಲೈಟನ್ನು ಎರಡು ಸಲ ಮಿನುಗಿಸುತ್ತಿದ್ದರು. ಎದುರಿನ ಕಟ್ಟಡದ ಗಾಜಿನಲ್ಲಿ ಆ ಬೆಳಕು ನನಗೆ ಕಾಣುತ್ತಿತ್ತು. ಎರಡು ಸಲವಾದರೆ ಅನ್ನಕ್ಕೆ ಇಡು ಎಂದರ್ಥ, ಮೂರಾದರೆ ತಡ. ನಾನು ಕಿಟಕಿಯಲ್ಲಿ ಶಾಲು ಬೀಸುತ್ತಿದ್ದೆ. ಬಸ್ಸನ್ನು ಡಿಪೋದಲ್ಲಿ ಬಿಟ್ಟು ಬಂದವರು ಬಾಗಿಲಲ್ಲೇ ಹೇಳುತ್ತಿದ್ದರು, "ಕಂಡಿತು, ಕಂಡಿತು. ಇವತ್ತು ಹಸಿರು ಶಾಲು."

ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಇಲ್ಲೇ ಮಣ್ಣು ಮಾಡಿದರು. ಮೂರನೆಯ ಸಂಜೆ ಎದುರಿನ ಗಾಜಿನಲ್ಲಿ ಬೆಳಕು ಎರಡು ಸಲ ಮಿನುಗಿತು. ನಾನು ಎದ್ದುಹೋಗಿ ಅಕ್ಕಿ ತೊಳೆದು ಒಲೆಗೆ ಇಟ್ಟೆ. ನೀರು ಕುದಿಯತೊಡಗಿದ ಮೇಲೆ ಮಗಳು ಬಂದು ಒಲೆ ಆರಿಸಿದಳು. ಅವರ ಬಸ್ಸು ಈಗ ಜೊತೆಯ ಡ್ರೈವರ್ ಒಬ್ಬರ ಕೈಗೆ ಹೋಗಿತ್ತು. ಹೈದರಾಬಾದಿನವರು. ಈ ರಸ್ತೆಯಲ್ಲಿ ಎರಡು ಸಲ ಲೈಟು ಹಾಕುವುದನ್ನು ಇವರಿಂದ ಕಲಿತವರು ಅದನ್ನು ಬಿಟ್ಟಿರಲಿಲ್ಲ.

ಆಮೇಲೆ ಪ್ರತಿ ಸಂಜೆಯೂ ಅದೇ. ನೋಡಲು ಬಂದ ಹೆಂಗಸರು ಕಿಟಕಿಯ ಹತ್ತಿರ ಕೂರಬಾರದೆಂದು ಪರದೆ ಎಳೆದು ಹೋಗುತ್ತಿದ್ದರು. ಪರದೆಯ ಸಂದಿನಿಂದ ಬೆಳಕು ಬರುತ್ತಿತ್ತು. ಊರು ಬಿಡಬೇಕು, ಆದರೆ ಮನೆ ಬಿಡುವಂತಿಲ್ಲ. ಮೂರು ತಿಂಗಳು ಆ ಗೋಡೆಗಳ ನಡುವೆ ನಾನು ಎಣಿಸಿದ್ದು ಬಸ್ಸುಗಳ ಸದ್ದನ್ನು. ಯಾವುದರ ಬ್ರೇಕು ಹೇಗೆ ಕಿರುಗುಟ್ಟುತ್ತದೆ ಎಂದು ಗೊತ್ತಾಗುತ್ತಿತ್ತು.

ಇಕಾಮಾದ ಕಾಗದಕ್ಕೆ ನಾನೇ ಹೋಗಿ ಬೆರಳು ಒತ್ತಬೇಕಾಗಿ ಬಂತು. ಮಸೀದಿಯ ಉಸ್ತಾದರನ್ನು ಫೋನಿನಲ್ಲಿ ಕೇಳಿದೆವು. "ಅಗತ್ಯಕ್ಕೆ ಹಗಲಲ್ಲಿ ಹೋಗಬಹುದು. ಕೆಲಸ ಮುಗಿಸಿ ಸೀದಾ ಮನೆಗೆ ಬರಬೇಕು," ಎಂದರು. ಬೆಳಿಗ್ಗೆ ಮಗಳ ಜೊತೆ ಟ್ಯಾಕ್ಸಿಯಲ್ಲಿ ಹೋದೆ. ಕೆಲಸ ಮುಗಿದು ಹೊರಗೆ ಬಂದರೆ ಎದುರಿಗೇ ಸ್ಟಾಪು. ನನ್ನ ಕಾಲು ಅಲ್ಲಿಗೇ ಹೋಯಿತು.

"ಉಮ್ಮಾ, ಟ್ಯಾಕ್ಸಿ?"

"ಬಸ್ಸೂ ಸೀದಾ ಮನೆಗೇ ಹೋಗ್ತದಲ್ಲ."

"ಆರ್ ಯು ಶೂರ್?" ಎಂದಳು.

ಎರಡು ಬಸ್ಸುಗಳನ್ನು ಬಿಟ್ಟೆ. ಮೂರನೆಯದು ಅವರದು, ಬ್ರೇಕಿನ ಸದ್ದಿನಿಂದಲೇ ಗೊತ್ತಾಯಿತು. ಬಾಗಿಲು ತೆರೆಯಿತು. ಮೊದಲೇ ಪರಿಚಯವಿದ್ದ ಮಗಳನ್ನು ಕಂಡು ಆ ಹೈದರಾಬಾದಿನ ಡ್ರೈವರ್ ಎದ್ದೇ ನಿಂತರು. "ಆಯಿಯೇ ಭಾಭಿ, ಬೈಠಿಯೇ." ಹಿಂದಿನಿಂದ ಯಾರೋ "ಯಲ್ಲಾ, ಭಾಯಿ!" ಎಂದು ಕೂಗಿದ ಮೇಲೆಯೇ ಅವರು ಕೂತದ್ದು.

ಮುಂದಿನ ಸೀಟಿನಲ್ಲಿ ಕೂತೆ. ದೊಡ್ಡ ಸ್ಟಿಯರಿಂಗು, ಅದರ ಮೇಲೆ ಕೈ ಸವೆಸಿದ ಗುರುತು. ಕನ್ನಡಿಯಲ್ಲಿ ನನ್ನ ಮುಖ ನಿಜಕ್ಕೂ ಕಾಣುತ್ತಿತ್ತು. ನಮ್ಮ ರಸ್ತೆ ಬಂದಾಗ ನಾನು ಮುಂದಕ್ಕೆ ಬಾಗಿ ನಮ್ಮ ಕಿಟಕಿಯನ್ನು ಹುಡುಕಿದೆ. ಮೊದಲ ಮಹಡಿ ಕಂಡಿತು. ಎರಡನೆಯದು ಅರ್ಧ. ಅದರ ಮೇಲೆ ಬಸ್ಸಿನ ಛಾವಣಿ.

"ಭಾಯಿ, ಇಲ್ಲಿಂದ ನಾಲ್ಕನೇ ಮಹಡಿ ಕಾಣ್ತದಾ?" ಎಂದು ಹಿಂದಿಯಲ್ಲಿ ಕೇಳಿದೆ.

ಅವರು ನಕ್ಕರು. "ಕಹಾಂ ಭಾಭಿ, ಊಪರ್ ತೋ ಛತ್ ಹೈ."

ಹಾಗಾದರೆ ಶಾಲಿನ ಬಣ್ಣ? ನಮ್ಮ ಸ್ಟಾಪು ಬರುವಷ್ಟರಲ್ಲಿ ಹೊಳೆಯಿತು. ಬೀಸಿದ ಶಾಲನ್ನೇ ಹೊದ್ದುಕೊಂಡು ನಾನು ದಿನವೂ ಬಾಗಿಲು ತೆರೆಯುತ್ತಿದ್ದೆ. ನೋಡಿ ಹೇಳುತ್ತಿದ್ದರು.

ಮನೆ ಸೇರಿ ಬಾಗಿಲು ಹಾಕಿಕೊಂಡೆವು. ಇನ್ನೂ ಒಂದು ತಿಂಗಳ ಮೇಲೆ ಉಳಿದಿತ್ತು. ಸಂಜೆ ಗಾಜಿನಲ್ಲಿ ಬೆಳಕು ಎರಡು ಸಲ ಬಂತು. ಕಾಣುವುದಿಲ್ಲವೆಂದು ಗೊತ್ತಿದ್ದೂ ಪರದೆ ಸರಿಸಿ ತಲೆಯ ಮೇಲಿನ ಇದ್ದಾದ ಬಟ್ಟೆಯ ತುದಿ ಹಿಡಿದು ಬೀಸಿದೆ. ಇದ್ದಿದ್ದರೆ ಬಾಗಿಲಲ್ಲಿ ನಿಂತು, ಇವತ್ತು ಬಿಳಿ, ಎನ್ನುತ್ತಿದ್ದರು.