ಚಿರತೆಯೊಳಗೆ ಮಾಮಾ ಇರಲಿಲ್ಲ

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಶಾಲೆಯ ಬಸ್ಸಿಗೆಂದು ಮಗಳನ್ನು ಕೆಳಗೆ ಕರೆತಂದು, ನನ್ನ ಬೂಟಿನ ಲೇಸು ಕಟ್ಟಲು ಬಗ್ಗಿದೆ. ತಲೆ ಎತ್ತಿದಾಗ ನಮ್ಮ ಸೊಸೈಟಿಯ ನೀರಿನ ಟಾಂಕಿಯ ಬಳಿ ಚಿರತೆ ನಿಂತಿತ್ತು. ಮುಂಬಯಿ ಪಕ್ಕದ ಠಾಣೆಯಲ್ಲಿ ಗುಡ್ಡದ ಬುಡಕ್ಕೆ ಫ್ಲ್ಯಾಟ್ ಕೊಂಡವರಿಗೆ ಇದು ತೀರಾ ಅನಿರೀಕ್ಷಿತವಲ್ಲ. ಕಿಟಕಿಯಿಂದ ಕಾಡು ಕಾಣುತ್ತದೆ ಎಂದು ಬಿಲ್ಡರ್ ಹೇಳಿಯೇ ಮಾರಿದ್ದ. ಕಾಡಿಗೂ ನಾವು ಕಾಣುತ್ತೇವೆ ಎಂದು ಮಾತ್ರ ಹೇಳಿರಲಿಲ್ಲ.

ಆರು ವರ್ಷದ ಮಗಳು ಚಿರತೆಯತ್ತ ನಡೆಯುತ್ತಿದ್ದಳು. ಡಬ್ಬಿ ತೆರೆದು ಒಂದು ನೀರುದೋಸೆಯನ್ನು ಮುಂದೆ ಚಾಚಿದ್ದಳು.

ತಪ್ಪು ನನ್ನದು. ಅವಳಿಗೆ ದಿನವೂ ಒಂದು ಚಿತ್ರಪುಸ್ತಕ ಓದಿ ಹೇಳುತ್ತಿದ್ದೆ. ಅದರಲ್ಲಿ ಹುಡುಗಿಯೊಬ್ಬಳು ಹಸಿದ ಚಿರತೆಗೆ ರೊಟ್ಟಿ ಕೊಡುತ್ತಾಳೆ. ಕೊನೆಯ ಪುಟದಲ್ಲಿ ಇಬ್ಬರೂ ಒಂದೇ ಕಂಬಳಿಯೊಳಗೆ ಮಲಗುತ್ತಾರೆ. ಅಷ್ಟೇ ಆಗಿದ್ದರೆ ಪುಸ್ತಕವನ್ನು ದೂರಬಹುದಿತ್ತು. ಆದರೆ ನವರಾತ್ರಿಯಲ್ಲಿ ಇಲ್ಲಿನ ತುಳುವರು ಹಾಕುವ ಹುಲಿವೇಷ ಕಂಡು ಅವಳು ಚೀರಿದಾಗ, "ಹೆದರ್ಬೇಡ ಮಾರಾಯ್ತಿ, ಒಳಗಿರುವುದು ನಿನ್ನ ಮಾಮಾ" ಎಂದವನೂ ನಾನೇ. ಅದು ನಿಜವೂ ಆಗಿತ್ತು. ನನ್ನ ಹೆಂಡತಿಯ ತಮ್ಮ ಬಣ್ಣ ಬಳಿದ ಕೈಯಲ್ಲೇ ಅವಳಿಗೆ ಚಾಕಲೇಟು ಕೊಟ್ಟಿದ್ದ.

"ಮಾಮಾ, ಖಾಓ ನಾ," ಎಂದು ಶಾಲೆಯ ಹಿಂದಿಯಲ್ಲಿ ತಿನ್ನಲು ಕರೆದಳು.

ಎಂ.ಎ. ಓದಿದ ನಾನು ಬೂಟಿನ ಲೇಸು ಹಿಡಿದು ಬಗ್ಗಿಯೇ ಇದ್ದೆ. ಅಷ್ಟರಲ್ಲಿ ನೆಲಮಹಡಿಯ ಮನೆಯೊಂದರಲ್ಲಿ ಕುಕ್ಕರು ಸೀಟಿ ಹೊಡೆಯಿತು. ಚಿರತೆ ಬೆಚ್ಚಿ, ಗೋಡೆ ಹಾರಿ ಗುಡ್ಡ ಸೇರಿತು. ನನ್ನ ಮಗಳನ್ನು ಉಳಿಸಿದ್ದು ಯಾರದೋ ಮನೆಯ ತೊಗರಿಬೇಳೆ.

ಆಮೇಲೆ ವಾರಗಟ್ಟಲೆ, ಕಣ್ಣು ಮುಚ್ಚಿದರೆ ಚಾಚಿದ ಆ ಪುಟ್ಟ ಕೈ. ಮಗಳೋ ದಿನವೂ ಬಸ್ಸು ಬರುವ ತನಕ ಟಾಂಕಿಯತ್ತಲೇ ನೋಡುತ್ತ ಮಾಮನಿಗಾಗಿ ಕಾಯುತ್ತಿದ್ದಳು. ನಾನು ಪುಸ್ತಕವನ್ನು ಮಂಚದ ತಲೆಕಡೆಯ ಕಪಾಟಿನ ಮೇಲೆ ಅಡಗಿಸಿಟ್ಟೆ.

"ಚಿರತೆಯನ್ನು ತಲೆಯ ಮೇಲೆ ಇಟ್ಕೊಂಡು ಮಲಗಿದ್ರೆ ನಿದ್ದೆ ಎಲ್ಲಿಂದ ಬರ್ಬೇಕು? ಮಗುವಿಗೆ ಇದ್ದದ್ದು ಇದ್ದ ಹಾಗೆ ಹೇಳಿ," ಎಂದಳು ಹೆಂಡತಿ. ಅವಳೂ ನಿದ್ದೆಗೆಟ್ಟಿದ್ದಳು.

ಧೈರ್ಯ ಕೊಡುವ ಆತುರದಲ್ಲಿ, ಮಗುವಿನ ಬಳಿಯಿದ್ದ ಒಂದಿಷ್ಟು ಭಯವನ್ನು ನಾನು ಕಿತ್ತುಕೊಂಡಿದ್ದೆ. ಅದನ್ನು ಮರಳಿಸುವುದು ಸುಲಭವಲ್ಲ. ಒಂದು ಶುಕ್ರವಾರ ಸಂಜೆ ಪುಸ್ತಕ ಇಳಿಸಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ಆ ದಿನ ಒಳಗೆ ಮಾಮಾ ಇರ್ಲಿಲ್ಲ ಮಗಾ. ಬರೀ ಚಿರತೆ ಇದ್ದದ್ದು. ನಂಗೆ ತುಂಬಾ ಹೆದರಿಕೆ ಆಯ್ತು."

ಅವಳು ಚಿತ್ರದ ಚಿರತೆಯ ಮೇಲೆ ಬೆರಳಿಟ್ಟಳು. "ಉಸ್‌ಕೋ ಭೀ ಡರ್ ಲಗಾ?"

"ಹೌದು, ಅದಕ್ಕೂ ಹೆದರಿಕೆ ಆಗಿತ್ತು."

ಮೆಲ್ಲನೆ ಸರಿದು ನನ್ನ ತೋಳಿಗೆ ಒತ್ತಿಕೊಂಡಳು. ಮಗಳು ಹೆದರಿದ್ದಳು, ನನಗೆ ನೆಮ್ಮದಿಯಾಯಿತು. ತಂದೆಯಾದವನು ಹೇಳಿಕೊಳ್ಳುವ ಮಾತಲ್ಲ.

ಮರುದಿನ ಶನಿವಾರ, ಹಾಲಿನವನು ಮೂರು ಸಲ ಬೆಲ್ ಒತ್ತಿ ಹೋದನಂತೆ. ನಿದ್ದೆಯಲ್ಲಿ ನಮ್ಮ ಮೂವರಲ್ಲಿ ಯಾರಿಗೂ ಕೇಳಿಸಲಿಲ್ಲ.